ಮನೆ, ಮಣೆ ಮತ್ತು ಕುರ್ಚಿ

ಕನ್ನಡದಲ್ಲಿ ಮನೆಗೂ ಮಣೆಗೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಇದು ಕಾಕತಾಳೀಯವೇ ಇರಬಹುದು. ಆದರೆ ನೂರು ವರ್ಷಗಳ ಹಿಂದಿನ ಒಂದು ಸಾಧಾರಣ ಕನ್ನಡ ಮನೆಯನ್ನು ಹೊಕ್ಕು, ಅಲ್ಲಿರುವ ಮರದ ಸಾಮಾನುಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು ಪಟ್ಟಿ ಮಾಡಲು ಕುಳಿತರೆ, ಪಟ್ಟಿಯ ಮೊದಲರ್ಧ ಮಣೆಗಳಿಂದಲೇ ತುಂಬಿಹೋಗುತ್ತದೆ. ಊಟಕ್ಕೆ ಕೂರುವ ಮಣೆ, ಮದುವೆಯ ಹಸೆಮಣೆ, ತರಕಾರಿ ಹೆಚ್ಚುವ ಈಳಿಗೆಮಣೆ, ಕಾಯಿ ತುರಿಯುವ ಮಣೆ, ಚಪಾತಿ ಲಟ್ಟಿಸುವ ಮಣೆ, ಶಾವಿಗೆ ಹೊಸೆಯುವ ಮಣೆ, ಮಳೆಗಾಲದ ಮಧ್ಯಾಹ್ನಗಳನ್ನು ಕಳೆಯಲು ಚೆನ್ನೆಮಣೆ ಅಥವಾ ಅಳಗುಳಿಮಣೆ. ಬಂದವರಿಗೆ ಕೊಡುವ ಮೊದಲ ಗೌರವವೂ ಮಣೆಯೇ. ಊಟದ ಮಣೆಗಳು ಅಟ್ಟ ಸೇರಿ ಎಷ್ಟೋ ವರ್ಷಗಳಾದರೂ, ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು 'ಹೊಸಬರಿಗೆ ಮಣೆ' ಎಂದೇ ತಲೆಬರಹ ಕೊಡುತ್ತವೆ. ಮಣೆ ಸಿಕ್ಕವರ ಕಣ್ಣು ಕುರ್ಚಿಯ ಮೇಲಿರುತ್ತದೆ ಎಂಬುದು ಬೇರೆ ಮಾತು.

ಇಷ್ಟೊಂದು ಮಣೆಗಳಿದ್ದ ಭಾಷೆಯಲ್ಲಿ ಇವೆಲ್ಲವನ್ನೂ ಒಟ್ಟುಗೂಡಿಸಿ ಕರೆಯುವ ಮನೆಮಾತಿನ ಪದ ಮಾತ್ರ ಇಲ್ಲ. ನಿಘಂಟಿನಲ್ಲಿ 'ಪೀಠೋಪಕರಣ' ಎಂಬುದೊಂದಿದೆ. ಅದು ಸರ್ಕಾರಿ ಟೆಂಡರುಗಳಲ್ಲಿ, ಶಾಲೆಯ ದಾಸ್ತಾನು ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ. ಗಂಡ ಹೆಂಡಿರು ಕೂತು 'ಈ ಯುಗಾದಿಗೆ ಒಂದಿಷ್ಟು ಪೀಠೋಪಕರಣ ಕೊಳ್ಳೋಣ' ಎಂದು ಮಾತಾಡಿಕೊಂಡದ್ದನ್ನು ಯಾರೂ ಕೇಳಿರಲಾರರು. ಅವರು ಹೇಳುವುದು 'ಸಾಮಾನು' ಎಂದು, ಇಲ್ಲವೇ 'ಫರ್ನಿಚರ್' ಎಂದು. ಪದವಿಲ್ಲದಿರುವುದಕ್ಕೆ ಭಾಷೆಯ ಬಡತನ ಕಾರಣವಲ್ಲ. ಆ ಹೆಸರಿನಲ್ಲಿ ಕರೆಯಬೇಕಾದಂಥ ವಸ್ತುಗಳ ಗುಂಪು ಮನೆಯೊಳಗೆ ಬೇರೆಯಾಗಿ ಇರಲೇ ಇಲ್ಲ. ಕೂರುವ, ಮಲಗುವ, ಇಡುವ, ಮುಚ್ಚುವ ವ್ಯವಸ್ಥೆಯನ್ನೆಲ್ಲ ಕಟ್ಟಡವೇ ವಹಿಸಿಕೊಂಡಿತ್ತು.

ಹಳೆಯ ಮೈಸೂರಿನ ತೊಟ್ಟಿಮನೆಯಾಗಲಿ, ತುಳುನಾಡಿನ ಗುತ್ತಿನ ಮನೆಯಾಗಲಿ, ಕೊಡಗಿನ ಐನ್‌ಮನೆಯಾಗಲಿ, ಬಯಲುಸೀಮೆಯ ಮಾಳಿಗೆ ಮನೆಯಾಗಲಿ, ಒಳಗೆ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬೀದಿಗೆ ಮುಖ ಮಾಡಿದ ಜಗುಲಿಯೇ ಸೋಫಾ. ಅದು ಬಂದವರಿಗೂ, ದಾರಿಹೋಕರಿಗೂ, ಮಧ್ಯಾಹ್ನ ಮೈಚೆಲ್ಲುವ ಯಜಮಾನರಿಗೂ ಒದಗುತ್ತಿತ್ತು. ಗೋಡೆಯೊಳಗಿನ ಗೂಡೇ ಕಪಾಟು. ದೀಪಕ್ಕೊಂದು ಗೂಡು, ಎಲೆಅಡಿಕೆಗೊಂದು, ಪಂಚಾಂಗಕ್ಕೊಂದು. ಅಡುಗೆಮನೆಯಲ್ಲಿ ನಾಗಂದಿಗೆ, ಸೂರಿನಿಂದ ಇಳಿಬಿಟ್ಟ ನೆಲುವು. ಕಂಬದ ಬುಡದಲ್ಲಿ ಒರಗು. ಭತ್ತ ತುಂಬುವ ಪತ್ತಾಯದ ಮುಚ್ಚಳದ ಮೇಲೆ ಹಾಸಿಗೆ ಬಿಚ್ಚಿದರೆ ಅದೇ ಮಂಚ. ದಾಸ್ತಾನಿಗೆ ಕಾವಲೂ ಆಯಿತು, ನಿದ್ದೆಯೂ ಆಯಿತು. ಹಗಲು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದರೆ ಅದೇ ಕೋಣೆ ಪಾಠಶಾಲೆ, ಊಟದ ಮನೆ, ಬಾಣಂತಿ ಕೋಣೆ. ಒಂದೇ ಕೋಣೆ ದಿನದಲ್ಲಿ ನಾಲ್ಕು ವೇಷ ಹಾಕುತ್ತಿತ್ತು. ಇಂದು ಒಳಾಂಗಣ ವಿನ್ಯಾಸಕಾರರು 'ಬಹುಪಯೋಗಿ ಸ್ಥಳ' ಎಂದು ಶುಲ್ಕ ಪಡೆದು ಹೇಳಿಕೊಡುವುದನ್ನು ಅಂದಿನ ಮನೆ ಶುಲ್ಕವಿಲ್ಲದೆ ನಡೆಸುತ್ತಿತ್ತು.

ಹಾಗಾದರೆ ಎತ್ತರದ ಆಸನಗಳು ಬಂದದ್ದು ಎಲ್ಲಿಂದ? ಹೆಸರುಗಳನ್ನೇ ಕೇಳಿದರೆ ಸಾಕು, ಅವು ತಮ್ಮ ಊರನ್ನು ತಾವೇ ಹೇಳುತ್ತವೆ. ಕುರ್ಚಿ ಅರಬ್ಬಿಯ 'ಕುರ್ಸಿ'. ಮೇಜು ಪಾರ್ಸಿಯ 'ಮೇಜ್'. ಅಲಮಾರು ಪೋರ್ಚುಗೀಸರ 'ಅರ್ಮಾರಿಯೊ'. ಬೀರು ಎಂಬುದು ಫ್ರೆಂಚರ 'ಬ್ಯೂರೋ' ಇಂಗ್ಲಿಷರ ಬಾಯಿಂದ ಕನ್ನಡಕ್ಕೆ ಬಂದು ಅಚ್ಚಗನ್ನಡ ಪದದಂತೆ ಕುಳಿತುಬಿಟ್ಟದ್ದು. ಸೋಫಾ ಅರಬ್ಬಿಯಲ್ಲಿ ಹುಟ್ಟಿ ಯುರೋಪು ಸುತ್ತಿ ಬಂದದ್ದು. ದಿವಾನವಂತೂ ಮೊದಲು ದರ್ಬಾರು, ಆಮೇಲೆ ದರ್ಬಾರಿನಲ್ಲಿ ಕೂರುವ ಆಸನ. ಇವುಗಳ ನಡುವೆ ಟೀಪಾಯಿಯದೊಂದು ತಮಾಷೆ. ಅದರ ಮೇಲೆ ಟೀ ಇಡುವುದರಿಂದ ಆ ಹೆಸರು ಎಂದು ಎಲ್ಲರೂ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಹಿಂದಿಯ 'ತಿಪಾಯಿ', ಅಂದರೆ ಮೂರು ಕಾಲಿನದು. ಚಹಕ್ಕೂ ಅದಕ್ಕೂ ಸಂಬಂಧವಿಲ್ಲ. ನೆಲಕ್ಕಂಟಿದ ಮಣೆ, ಚಾಪೆ, ಹಾಸಿಗೆ, ತೂಗುವ ತೊಟ್ಟಿಲು, ಉಯ್ಯಾಲೆ ಇವೆಲ್ಲ ಮನೆಮಂದಿ. ಕಾಲಿನ ಮೇಲೆ ನಿಂತವು ಬಹುಪಾಲು ಬಂದವರು. ಮಂಚ ಮಾತ್ರ ಸಂಸ್ಕೃತದಿಂದ ಬಂದು ಬಹಳ ಹಿಂದೆಯೇ ಒಳಗಿನದಾಯಿತು.

ಇದರರ್ಥ ಈ ನೆಲದವರಿಗೆ ಎತ್ತರದ ಆಸನ ಗೊತ್ತೇ ಇರಲಿಲ್ಲವೆಂದಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ 'ಬೃಹತ್ಸಂಹಿತೆ'ಯಲ್ಲಿ ಶಯ್ಯೆ ಮತ್ತು ಆಸನಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಯಾವ ಮರ ಒಳ್ಳೆಯದು, ಯಾವುದು ಕೂಡದು ಎಂಬ ಪಟ್ಟಿ ಅಲ್ಲಿದೆ. ತೇಗ, ಚಂದನ, ದೇವದಾರುಗಳು ಒಳ್ಳೆಯ ಪಟ್ಟಿಯಲ್ಲಿವೆ. ಸಿಡಿಲು ಬಡಿದ ಮರ, ಗಾಳಿಗೆ ಉರುಳಿದ ಮರ, ಪ್ರವಾಹದಲ್ಲಿ ಬಿದ್ದ ಮರ, ಆನೆ ಕೆಡವಿದ ಮರ ಇವು ಅಶುಭ ಎನ್ನುತ್ತಾನೆ. ಶಕುನದ ಭಾಷೆಯನ್ನು ತೆಗೆದಿಟ್ಟು ನೋಡಿದರೆ, ಹೀಗೆ ಏಕಾಏಕಿ ಬಿದ್ದ ಮರದೊಳಗೆ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ ಎಂಬುದನ್ನು ಇಂದಿನ ಬಡಗಿಯೂ ಒಪ್ಪುತ್ತಾನೆ. ಇನ್ನು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126ರಿಂದ 1138) ತನ್ನ 'ಮಾನಸೋಲ್ಲಾಸ'ದಲ್ಲಿ ರಾಜನು ಅನುಭವಿಸಬೇಕಾದ ಸುಖಗಳನ್ನು ಒಂದೊಂದಾಗಿ ವಿವರಿಸುವಾಗ ಊಟ, ತಾಂಬೂಲ, ಉಡುಪುಗಳ ಸಾಲಿನಲ್ಲೇ ಮನೆ, ಆಸನ, ಶಯ್ಯೆಗಳನ್ನೂ ಸೇರಿಸುತ್ತಾನೆ. ಚೆನ್ನಾಗಿ ಕೂರುವುದೂ ಚೆನ್ನಾಗಿ ಉಣ್ಣುವುದರಷ್ಟೇ ರಸಿಕತೆ ಬೇಡುವ ಸಂಗತಿ ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದೆ ಕನ್ನಡ ನಾಡಿನ ರಾಜನಿಗಿತ್ತು. ಆದರೆ ಅದು ರಾಜನ ಸುಖ. ಪೀಠ, ಗದ್ದುಗೆ, ಸಿಂಹಾಸನ, ಈ ಮಾತುಗಳೆಲ್ಲ ಒಬ್ಬನನ್ನು ಮೇಲೆ ಕೂರಿಸಿ ಉಳಿದವರನ್ನು ನಿಲ್ಲಿಸುವ ಮಾತುಗಳು.

ಪೀಠೋಪಕರಣಗಳ ಪ್ರೀತಿಯ ಬಗ್ಗೆ ಮಾತಾಡುವಾಗ ಮುಜುಗರವಾದರೂ ದಾಟಿ ಹೋಗಲಾಗದ ಸಂಗತಿ ಇದು. ಆಸನ ಎಂಬುದು ಸೌಂದರ್ಯದ ವಿಷಯ ಆಗುವ ಮುನ್ನ ಅಧಿಕಾರದ ವಿಷಯವಾಗಿತ್ತು. ಜಗುಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಸಾತಾರದ ಶಾಲೆಯಲ್ಲಿ ಓದುತ್ತಿದ್ದ ಬಾಲಕ ಭೀಮರಾವ್ ಅಂಬೇಡ್ಕರ್‌ಗೆ ತರಗತಿಯ ಮೂಲೆಯಲ್ಲಿ ಕೂರಲು ಒಂದು ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಆದ್ದರಿಂದ ಸಂಜೆ ಅದನ್ನು ಮನೆಗೆ ಹೊತ್ತೊಯ್ದು ಮರುದಿನ ಮತ್ತೆ ತರಬೇಕಾಗಿತ್ತು ಎಂದು ಅವರೇ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ತನ್ನ ಆಸನವನ್ನು ತಾನೇ ಬಗಲಲ್ಲಿಟ್ಟುಕೊಂಡು ನಡೆದ ಆ ಹುಡುಗ ಮುಂದೆ 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ 'ರಾಜಗೃಹ' ಎಂಬ ಮನೆಯನ್ನು ಕಟ್ಟಿಸಿದಾಗ ಮೊದಲು ಯೋಚಿಸಿದ್ದು ಪುಸ್ತಕಗಳಿಗೆ ಜಾಗ ಎಲ್ಲಿ ಎಂಬುದನ್ನು. ಸಾವಿರಾರು ಪುಸ್ತಕಗಳ ಕಪಾಟುಗಳ ಸುತ್ತ ಒಂದು ಮನೆ. ಒಳಾಂಗಣ ಎಂದರೆ ವ್ಯಕ್ತಿ ತನ್ನ ಬದುಕಿಗೆ ಯಾವುದು ಮುಖ್ಯ ಎಂದು ಮಾಡಿಕೊಂಡ ತೀರ್ಮಾನ ಎನ್ನುವುದಾದರೆ, ಭಾರತದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಹುಡುಕುವುದು ಕಷ್ಟ.

ಮನೆಯೊಳಗೂ ಇದೇ ಲೆಕ್ಕ ಬೇರೆ ರೀತಿಯಲ್ಲಿ ನಡೆಯುತ್ತಿತ್ತು. ಬ್ರಿಟಿಷರ ಕಚೇರಿ, ಕೋರ್ಟು, ಶಾಲೆಗಳ ಮೂಲಕ ಬಂದ ಕುರ್ಚಿ ಮೇಜುಗಳು ವಕೀಲರ, ಶಾನುಭೋಗರ, ಪ್ಲಾಂಟರುಗಳ ಮನೆ ಹೊಕ್ಕಾಗ ಅವು ನಿಂತದ್ದು ಹೊರಗಿನ ಪಡಸಾಲೆಯಲ್ಲಿ. ಮಲೆನಾಡು ಮತ್ತು ಕೊಡಗಿನ ಕಾಫಿ ಎಸ್ಟೇಟುಗಳ ಉದ್ದ ಕೈಗಳ ಆರಾಮ ಕುರ್ಚಿಯನ್ನು ನೆನೆಯಿರಿ. ಇಡೀ ದಿನ ತೋಟ ಸುತ್ತಿ ಬಂದವನು ಕೈಗಳ ಮೇಲೆ ಕಾಲು ಚಾಚಿ ಮಲಗುವುದಕ್ಕೆಂದೇ ಮಾಡಿದ್ದು. ಬೆತ್ತದ ಹೆಣಿಗೆಯ ಕಣ್ಣುಗಳ ಮೂಲಕ ಗಾಳಿಯಾಡಿ ಬೆನ್ನು ಬೆವರುವುದಿಲ್ಲ. ಸೆಕೆಯ ದೇಶಕ್ಕೆ ಯುರೋಪಿನ ಕುರ್ಚಿ ಶರಣಾಗಿ ಕಲಿತ ಪಾಠ ಅದು. ಆದರೆ ಅದರ ಮೇಲೆ ಆ ಮನೆಯ ಹೆಂಗಸೊಬ್ಬಳು ಕಾಲು ಚಾಚಿ ಮಲಗಿದ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂರುವ ಕಾಲ ಬಂದದ್ದು ತೀರ ಇತ್ತೀಚೆಗೆ. ಕುರ್ಚಿ ಗಂಡಸರದು, ಮಣೆ ಹೆಂಗಸರದು ಎಂಬ ಪಾಲು ಯಾವ ಕಾನೂನಿನಲ್ಲೂ ಬರೆಯದೆ ಜಾರಿಯಲ್ಲಿತ್ತು. ಇಲ್ಲಿ ಕೂತಿರುವ ಹಿರಿಯ ಮಹಿಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡುಗೆಮನೆಯ ಕಟ್ಟೆ ಸೊಂಟದ ಎತ್ತರಕ್ಕೆ ಏರಿದ್ದು, ಒಲೆ ನೆಲದಿಂದ ಮೇಲೆದ್ದದ್ದು ಕನ್ನಡ ಮನೆಯ ಒಳಾಂಗಣದಲ್ಲಿ ನಡೆದ ಬಹುದೊಡ್ಡ ಬದಲಾವಣೆ. ಅದರ ಚರಿತ್ರೆಯನ್ನು ಯಾರಾದರೂ ಕೂತು ಬರೆಯಬೇಕು, ಅಥವಾ ನಿಂತು.

ಇಷ್ಟೆಲ್ಲ ಹೇಳಿದ ಮೇಲೆ ಪ್ರೀತಿಯ ಮಾತು. ಪೀಠೋಪಕರಣದ ಮೇಲಿನ ಒಲವು ಎಂದರೆ ಶೋರೂಮಿನ ಕಡೆಗಿನ ಒಲವಲ್ಲ. ಸಂಗೀತದ ಹುಚ್ಚು ಹತ್ತಿದವನು ಮೊದಲು ಶ್ರುತಿ ಗುರುತಿಸಲು ಕಲಿಯುವ ಹಾಗೆ, ಇದಕ್ಕೂ ಒಂದು ಶ್ರುತಿಜ್ಞಾನ ಬೇಕು. ಅದು ಶುರುವಾಗುವುದು ಮರದಿಂದ.

ತೇಗಕ್ಕೆ ತನ್ನದೇ ಎಣ್ಣೆಯಿದೆ. ಆದ್ದರಿಂದ ಗೆದ್ದಲು ಸುಲಭವಾಗಿ ತಂಟೆಗೆ ಬರುವುದಿಲ್ಲ, ನೀರಿಗೂ ಅಷ್ಟಾಗಿ ಅಂಜುವುದಿಲ್ಲ. ಹಲಸು ಹೊಸದರಲ್ಲಿ ಅರಿಸಿನದ ಹಳದಿ. ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ವೀಣೆಯಾಗುವುದೂ ಇದೇ ಮರ, ಕರಾವಳಿಯ ಮನೆಯ ಬಾಗಿಲಾಗುವುದೂ ಇದೇ ಮರ. ಬೀಟೆ ಭಾರ, ಅದರ ಕಪ್ಪು ನೇರಳೆ ಎಳೆಗಳು ಒಂದು ಹಲಗೆಯಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಆ ಎಳೆಗಳ ಮೋಹವೇ ಬೀಟೆಗೆ ಕಂಟಕವಾಯಿತು. 2017ರಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಗುವ ಮರಗಳ ಪಟ್ಟಿಗೆ ಸೇರಿತು. ಆದ್ದರಿಂದ ಬೀಟೆಯನ್ನು ಪ್ರೀತಿಸುವವರು ಹೊಸ ಬೀಟೆ ಮಂಚಕ್ಕೆ ಆಸೆಪಡುವುದಕ್ಕಿಂತ ಇರುವ ಹಳೆಯ ಮಂಚವನ್ನು ಕಾಪಾಡುವುದು ಉಚಿತ.

ಬೀಟೆಯ ಮೇಲಿನ ಮೈಸೂರು ಕೂರಣೆ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಚಿತ್ರದ ನಕಲನ್ನು ತೆಗೆದು, ಬೇರೆ ಬೇರೆ ಸಹಜ ಬಣ್ಣಗಳ ಮರದ ತೆಳು ಚೂರುಗಳನ್ನು ಆ ಆಕಾರಕ್ಕೆ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ಅಷ್ಟೇ ಆಳದ ಹಳ್ಳ ತೋಡಿ ಅಂಟಿನಿಂದ ಕೂರಿಸಿ, ಮಟ್ಟ ಮಾಡಿ ಹೊಳಪು ಕೊಡುವ ಕೆಲಸ ಅದು. ಆಕಾಶಕ್ಕೊಂದು ಮರ, ಆನೆಗೊಂದು ಮರ, ಹೆಂಗಸಿನ ಸೀರೆಗೊಂದು ಮರ. ಮೊದಲು ದಂತವನ್ನು ಕೂರಿಸುತ್ತಿದ್ದರು. 1897ರ ಬೆಂಕಿಯ ಬಳಿಕ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲು ಆ ಕಾಲದ ಕೈಚಳಕಕ್ಕೆ ಸಾಕ್ಷಿ. ಆನೆಗಳ ಉಳಿವಿಗಾಗಿ ದಂತದ ವ್ಯಾಪಾರ ನಿಂತಿತು, ನಿಂತದ್ದು ನ್ಯಾಯವೇ. ಮೈಸೂರಿನ ಕೂರಣೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಈಗ ಆ ಕೆಲಸ ಹೆಚ್ಚಾಗಿ ಗೋಡೆಗೆ ತೂಗುಹಾಕುವ ಫಲಕವಾಗಿ, ಸನ್ಮಾನದ ಕಾಣಿಕೆಯಾಗಿ ಹೊರಬರುತ್ತದೆ. ಬಾಗಿಲಾಗಿ, ಪೆಟ್ಟಿಗೆಯಾಗಿ, ದಿನವೂ ಕೈ ತಾಗುವ ವಸ್ತುವಾಗಿ ಬರುತ್ತಿದ್ದ ಕಲೆ ಹೀಗೆ ಮೊಳೆಗೆ ನೇತುಬಿದ್ದದ್ದು ಅದಕ್ಕೆ ಆದ ಬಡ್ತಿ ಎಂದು ಹೇಳಲಾಗದು.

ಮರದ ನಂತರ ಜೋಡಣೆ. ಅಂಗಡಿಯಲ್ಲಿ ಕುರ್ಚಿಯ ಮುಂಭಾಗವನ್ನು ನೋಡುವವರೇ ಎಲ್ಲ. ಬಲ್ಲವರು ಅದನ್ನು ತಲೆಕೆಳಗು ಮಾಡುತ್ತಾರೆ. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿನೊಳಗೆ ಕೂರಿಸಿ, ಅಡ್ಡಕ್ಕೆ ಬಿದಿರಿನ ಅಥವಾ ಮರದ ಮೊಳೆ ಹೊಡೆದಿದ್ದರೆ ಆ ಕುರ್ಚಿ ಮೊಮ್ಮಕ್ಕಳನ್ನು ನೋಡುತ್ತದೆ. ಮರ ಕಡಿದ ಮೇಲೂ ಸಾಯುವುದಿಲ್ಲ ಎನ್ನುತ್ತಾರೆ ಬಡಗಿಗಳು. ಅದು ಕಾವ್ಯವಲ್ಲ, ಅಳತೆಯ ಮಾತು. ಮುಂಗಾರಿನಲ್ಲಿ ಗಾಳಿಯ ತೇವ ಕುಡಿದು ಹಲಗೆ ಅಡ್ಡಕ್ಕೆ ಉಬ್ಬುತ್ತದೆ, ಚೈತ್ರದಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆಷಾಢದಲ್ಲಿ ಮೇಜಿನ ಖಾನೆ ಎಳೆದರೆ ಬಾರದಿರುವುದಕ್ಕೆ ಕಾರಣ ಇದೇ. ಇದನ್ನು ಬಲ್ಲ ಬಡಗಿ ಬಾಗಿಲಿನ ನಡುಹಲಗೆಯನ್ನು ಚೌಕಟ್ಟಿಗೆ ಅಂಟಿಸದೆ, ಕೊರೆದ ಗಾಡಿಯೊಳಗೆ ಸಡಿಲವಾಗಿ ತೂರಿಸಿಬಿಡುತ್ತಾನೆ. ಹಲಗೆ ಉಸಿರಾಡಿಕೊಂಡು ಇರುತ್ತದೆ, ಚೌಕಟ್ಟು ಅಲುಗುವುದಿಲ್ಲ. ಹಸಿ ಮರವನ್ನು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಿಸಬೇಕೆಂಬ ಹಳೆಯ ಲೆಕ್ಕವೂ ಇದಕ್ಕೇ. ಕರಾವಳಿಯವರು ತೊಲೆ ಹಲಗೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಆ ಕಪ್ಪು ಎಣ್ಣೆ ಕೈಗೆ ತಾಗಿದರೆ ಸುಡುತ್ತದೆ, ಗೆದ್ದಲಿಗಂತೂ ಅದು ವಿಷ.

ಇಂದು ಪೆಟ್ಟಿಗೆಯಲ್ಲಿ ಬಂದು ಮನೆಯಲ್ಲಿ ಜೋಡಿಸಿಕೊಳ್ಳುವ ಮರದ ಪುಡಿಯ ಹಲಗೆಗಳು ಈ ಜ್ಞಾನವನ್ನು ಕೇಳುವುದಿಲ್ಲ. ಅವು ಉಬ್ಬಿ ಕುಗ್ಗುವುದಿಲ್ಲ, ಅಗ್ಗ, ನೋಡಲೂ ನೀಟು. ಅಂಚಿನಿಂದ ನೀರು ಒಳಹೊಕ್ಕರೆ ಮಾತ್ರ ಪುರಿಯಂತೆ ಉಬ್ಬಿ ಮತ್ತೆ ಇಳಿಯುವುದಿಲ್ಲ. ಒಮ್ಮೆ ಬಿಚ್ಚಿದ ತಿರುಪು ಎರಡನೆಯ ಸಲ ಹಿಡಿಯುವುದಿಲ್ಲ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಗರದ ನೌಕರನಿಗೆ ಇದರಷ್ಟು ಅನುಕೂಲವಾದದ್ದೂ ಇಲ್ಲ, ಇದರಷ್ಟು ದುಬಾರಿಯಾದದ್ದೂ ಇಲ್ಲ. ಇದಕ್ಕೆ ಹೋಲಿಸಿದರೆ ಉಕ್ಕಿನ ಬೀರುವೇ ಪ್ರಾಮಾಣಿಕ. ಗೋದ್ರೇಜ್ ಕಂಪನಿ 1923ರಲ್ಲಿ ಉಕ್ಕಿನ ಕಪಾಟುಗಳನ್ನು ಮಾಡತೊಡಗಿದ ಮೇಲೆ ಅದು ಮಧ್ಯಮ ವರ್ಗದ ಮದುವೆಯ ಪಟ್ಟಿಯಲ್ಲಿ ಖಾಯಂ ಜಾಗ ಪಡೆಯಿತು. ಕನ್ನಡಿ ಅಂಟಿಸಿದ ಆ ಹಸಿರು ಅಥವಾ ಬೂದು ಬೀರುವನ್ನು ಯಾರೂ ಸುಂದರ ಎನ್ನಲಿಲ್ಲ. ಆದರೂ ಅನೇಕ ಹೆಂಗಸರಿಗೆ ತಮ್ಮದೇ ಬೀಗದಕೈ ಇದ್ದ ಮೊದಲ ಜಾಗ ಅದಾಗಿತ್ತು. ಒಳಗೆ ರೇಷ್ಮೆ ಸೀರೆ, ನುಸಿಗುಳಿಗೆ, ಮದುವೆಯ ಆಲ್ಬಮ್ಮು, ಯಾರಿಗೂ ಹೇಳದ ಹಣ. ಅಭಿರುಚಿಯ ಹೆಸರಿನಲ್ಲಿ ಅದನ್ನು ಹೀಗಳೆಯುವವರು ಈ ಬೀಗದಕೈಯನ್ನು ಮರೆಯುತ್ತಾರೆ.

ಹಳೆಯದನ್ನು ಗುರುತಿಸುವ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳಿವೆ. ಮೊದಲನೆಯದು ಶ್ರೀರಂಗಪಟ್ಟಣದ್ದು. 1799ರಲ್ಲಿ ಟಿಪ್ಪು ಮಡಿದ ಬಳಿಕ ಚಿನ್ನದ ತಗಡು ಹೊದಿಸಿದ ಆತನ ಸಿಂಹಾಸನವನ್ನು ಕಂಪನಿ ಸೈನ್ಯದವರು ಕೊಳ್ಳೆ ಹಂಚಿಕೊಳ್ಳುವ ಸಲುವಾಗಿ ತುಂಡು ಮಾಡಿದರು. ಚಿನ್ನಕ್ಕೆ ಬೆಲೆ ಕಟ್ಟಿದರು, ಕೆಲಸಕ್ಕೆ ಕಟ್ಟಲಿಲ್ಲ. ಉಳಿದ ಹುಲಿಯ ತಲೆ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಅದು ಶತ್ರುಗಳು ಮಾಡಿದ್ದು ಎನ್ನಬಹುದು. ಎರಡನೆಯದು ಸ್ವತಂತ್ರ ಭಾರತದ್ದೇ. 1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ಲ ಕಾರ್ಬೂಸಿಯೆಯ ದಾಯಾದಿ ಸೋದರ ಪಿಯರ್ ಜನೆರೆ ತನ್ನ ಭಾರತೀಯ ಸಹೋದ್ಯೋಗಿಗಳೊಂದಿಗೆ ಅಲ್ಲಿನ ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯಗಳಿಗೆ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದ. ಅವನ್ನು ಮಾಡಿದವರು ಅಲ್ಲಿನ ಬಡಗಿಗಳು. ಕಾಲುಗಳು ತಿರುಗುಮುರುಗಾದ 'ವಿ' ಅಕ್ಷರದಂತೆ; ಅಲಂಕಾರವೆಂಬುದು ಹುಡುಕಿದರೂ ಇಲ್ಲ. ಗುಮಾಸ್ತರು ನಲವತ್ತು ವರ್ಷ ಅವುಗಳ ಮೇಲೆ ಕೂತರು. ಆಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು; ಹಳೆಯವು ತಾರಸಿಯ ಮೇಲೆ, ಮೆಟ್ಟಿಲ ಕೆಳಗೆ ರಾಶಿಬಿದ್ದವು; ಸರ್ಕಾರಿ ಹರಾಜಿನಲ್ಲಿ ಗುಜರಿ ಬೆಲೆಗೆ ಹೋದವು. ಕೊಂಡವರಲ್ಲಿ ಯುರೋಪಿನ ವ್ಯಾಪಾರಿಗಳಿದ್ದರು. ಕೆಲವೇ ವರ್ಷಗಳಲ್ಲಿ ಅವೇ ಕುರ್ಚಿಗಳು ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳ ಹರಾಜು ಮನೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಕೂಗಿಸಿಕೊಂಡವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇನ್ನು ಮಾರಕೂಡದೆಂದು ಆದೇಶ ಹೊರಡಿಸುವಷ್ಟರಲ್ಲಿ ಬಹಳಷ್ಟು ಹೋಗಿಯಾಗಿತ್ತು. ಕಳುವಾಗಿದ್ದರೆ ದೂರು ಕೊಡಬಹುದಿತ್ತು. ಇಲ್ಲಿ ರಸೀದಿ ಕೊಟ್ಟು ಮಾರಲಾಗಿತ್ತು.

ಹಾಗೆಂದು ಕಣ್ಣಿದ್ದವರು ಇರಲೇ ಇಲ್ಲವೆನ್ನುವಂತಿಲ್ಲ. ಮಣಿಪಾಲದ ವಿಜಯನಾಥ ಶೆಣೈ ಜಮೀನ್ದಾರರಲ್ಲ, ರಾಜವಂಶದವರಲ್ಲ, ನೌಕರಿಯ ಸಂಬಳದವರು. ಉಡುಪಿ ಸುತ್ತಿನ ಹಳೆಯ ಮನೆಗಳನ್ನು ಕೆಡವಿ ಕಾಂಕ್ರೀಟು ಮನೆ ಕಟ್ಟುವ ಭರಾಟೆಯಲ್ಲಿ ಕೆತ್ತನೆಯ ಕಂಬ, ಬಾಗಿಲವಾಡ, ಮುಚ್ಚಿಗೆಗಳು ಸೌದೆಯಾಗುತ್ತಿದ್ದುದನ್ನು ಕಂಡು ಅವನ್ನು ಒಂದೊಂದಾಗಿ ತಂದರು. ತಂದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ, ಅವನ್ನೇ ಬಳಸಿ ತಮ್ಮ ವಾಸದ ಮನೆಯನ್ನು ಕಟ್ಟಿಕೊಂಡರು. ಅದಕ್ಕೆ 'ಹಸ್ತಶಿಲ್ಪ' ಎಂದು ಹೆಸರಿಟ್ಟರು. ಒಬ್ಬ ವ್ಯಕ್ತಿಯ ಸ್ವಂತ ಒಲವಾಗಿ ಶುರುವಾದದ್ದು ಮುಂದೆ ಮಣಿಪಾಲದ ಪಾರಂಪರಿಕ ಗ್ರಾಮವಾಗಿ ಬೆಳೆಯಿತು. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರು, ಬೀದರದ ನವಾಬೀ ಮಹಲು ಹೀಗೆ ಇಡಿಯಿಡೀ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸಿದ ಊರು ಅದು. ಶೆಣೈ 2017ರಲ್ಲಿ ತೀರಿಕೊಂಡರು. ಮನೆಯನ್ನು ಬಿಚ್ಚಿ ಜೋಡಿಸಬಹುದು ಎಂಬ ಕಲ್ಪನೆಯೇ ಮೊಳೆಯಿಲ್ಲದ ಆ ಹಳೆಯ ಜೋಡಣೆಯಿಂದ ಸಾಧ್ಯವಾದದ್ದು. ಸಿಮೆಂಟಿನ ಮನೆಯನ್ನು ಯಾರೂ ಹೀಗೆ ಹೊತ್ತು ತರಲಾರರು. ನೆಲದಿಂದ ಕಿತ್ತ ಮನೆ ಮನೆಯೇ ಅಲ್ಲ ಎಂಬ ಆಕ್ಷೇಪ ಇದ್ದೇ ಇದೆ. ಅದರಲ್ಲಿ ಸತ್ಯವೂ ಇದೆ. ಕುಪ್ಪಳಿಯ ಕವಿಮನೆಯಲ್ಲಿ ಕುವೆಂಪು ಅವರ ಬಾಲ್ಯದ ವಸ್ತುಗಳನ್ನು ಅದೇ ಕಾಡು, ಅದೇ ಮಳೆಯ ನಡುವೆ ನೋಡುವ ಅನುಭವ ಬೇರೆಯೇ. ಆದರೆ ಒಲೆಗೆ ಹೋಗುವುದಕ್ಕೂ ಮಣಿಪಾಲಕ್ಕೆ ಹೋಗುವುದಕ್ಕೂ ನಡುವೆ ಆಯ್ಕೆ ಮಾಡಬೇಕಾಗಿ ಬಂದಾಗ ಈ ಆಕ್ಷೇಪ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಇರುವವರು ಇದನ್ನೆಲ್ಲ ಕೇಳಿ ಏನು ಮಾಡಬೇಕು ಎಂಬ ಪ್ರಶ್ನೆ ಸಹಜ. ಮೊದಲು ಏನನ್ನೂ ಕೊಳ್ಳದೆ ಇರಬೇಕು. ಹೊಸ ಮನೆಗೆ ಹೊಕ್ಕ ಮೊದಲ ಒಂದು ತಿಂಗಳು ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಸಂಜೆ ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ಮನೆಯವರು ತಾವಾಗಿಯೇ ಎಲ್ಲಿ ಕೂರುತ್ತಾರೆ ಎಂದು ಗಮನಿಸಿದರೆ ಕುರ್ಚಿ ತನ್ನ ಜಾಗವನ್ನು ತಾನೇ ತೋರಿಸುತ್ತದೆ. ಕೊಳ್ಳುವಾಗ ಕಣ್ಣಿಗಿಂತ ಮೊಣಕಾಲನ್ನು ನಂಬಬೇಕು. ಸಾಮಾನ್ಯ ಕುರ್ಚಿಯ ಕೂರುವ ಎತ್ತರ 16ರಿಂದ 18 ಅಂಗುಲ, ಮೇಜಿನದು 28ರಿಂದ 30. ಐದಡಿ ಎತ್ತರದ ಗೃಹಿಣಿಗೆ 18 ಅಂಗುಲದ ಸೋಫಾದಲ್ಲಿ ಕಾಲು ನೆಲ ಮುಟ್ಟುವುದಿಲ್ಲ. ಅರ್ಧ ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ತಪ್ಪು ಕಾಲಿನದಲ್ಲ. ಊರಿನ ಬಡಗಿಗೆ ಹೇಳಿದರೆ ಅವಳ ಅಳತೆಗೆ 15 ಅಂಗುಲಕ್ಕೆ ಮಾಡಿಕೊಡುತ್ತಾನೆ, ಶೋರೂಮಿನವನು ಮಾಡಿಕೊಡಲಾರ. ಇಡೀ 'ಸೆಟ್' ಎಂಬ ಕಲ್ಪನೆಯೇ ಅಂಗಡಿಯವರ ಸೃಷ್ಟಿ. ಅಜ್ಜನ ಒಂದು ಬೆಂಚು, ಗುಜರಿಯಲ್ಲಿ ಸಿಕ್ಕ ಒಂದು ಬೆತ್ತದ ಕುರ್ಚಿ, ಹೊಸದಾಗಿ ಮಾಡಿಸಿದ ಒಂದು ಪುಸ್ತಕದ ಕಪಾಟು ಇವು ಒಂದು ಕೋಣೆಯಲ್ಲಿ ಜಗಳವಾಡುವುದಿಲ್ಲ. ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಇರುವುದಿಲ್ಲವೇ?

ಅಟ್ಟದ ಮೇಲಿರುವುದನ್ನು ಕೆಳಗಿಳಿಸಿ ನೋಡುವುದೂ ಅಗ್ಗದ ಆರಂಭ. ಹತ್ತು ವರ್ಷದ ಹೊಗೆ, ಧೂಳು, ಎಣ್ಣೆಜಿಡ್ಡಿನ ಅಡಿಯಲ್ಲಿ ಯಾವ ಮರವಿದೆಯೆಂದು ಹೇಳಲಾಗದು. ಒರಟು ಕಾಗದದಿಂದ ಮೂಲೆಯೊಂದನ್ನು ಮಾತ್ರ ಉಜ್ಜಿ ನೋಡಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೆಳುವಾಗಿ ಹತ್ತಾರು ಸಲ ಒರೆಸುವ ಹಳೆಯ ಪಾಲಿಶು ಮರದ ಎಳೆಯನ್ನು ಎತ್ತಿ ತೋರಿಸುತ್ತದೆ. ಡಬ್ಬಿಯ ದಪ್ಪ ವಾರ್ನಿಷು ಅದನ್ನು ಮುಚ್ಚುತ್ತದೆ. ಬೆತ್ತದ ಹೆಣಿಗೆ ಹರಿದಿದ್ದರೆ ಕುರ್ಚಿಯನ್ನು ಎಸೆಯಬೇಕಾಗಿಲ್ಲ. ಮರು ಹೆಣೆಯುವವರು ಈಗಲೂ ಊರುಗಳಲ್ಲಿ ಸಿಗುತ್ತಾರೆ, ಅನೇಕ ಕಡೆ ಅಂಧ ಕುಶಲಕರ್ಮಿಗಳೇ ಈ ಕೆಲಸದಲ್ಲಿ ನಿಪುಣರು.

ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲನ್ನು ಬಲ್ಲವರಿಗೆ ಈ ಮಾತೆಲ್ಲ ಹೊಸದಲ್ಲ. ತೇಗದ ಆ ತೊಟ್ಟಿಲಿಗೆ ಅರಗಿನ ಬಣ್ಣ. ಸುತ್ತಲೂ ರಾಮಾಯಣ, ಕೃಷ್ಣಲೀಲೆಯ ಚಿತ್ರಗಳು. ಮಾಡುವ ಬಡಗಿ ಮನೆತನಗಳು ಕೆಲವೇ ಕೆಲವು. ಅಂಥದೊಂದು ತೊಟ್ಟಿಲು ಒಬ್ಬರ ಮನೆಯಲ್ಲಿದ್ದರೆ ಅದು ಒಬ್ಬರದಾಗಿ ಉಳಿಯುವುದಿಲ್ಲ. ಬಂಧುಬಳಗದಲ್ಲಿ ಎಲ್ಲಿ ಬಾಣಂತನವೋ ಅಲ್ಲಿಗೆ ಹೋಗುತ್ತದೆ, ಮುಂದಿನ ಮಗು ಹುಟ್ಟುವತನಕ ಇರುತ್ತದೆ, ಮತ್ತೊಂದು ಊರಿಗೆ ಗಾಡಿ ಏರುತ್ತದೆ. ತಾಯಿ ಮಲಗಿದ್ದ ತೊಟ್ಟಿಲಲ್ಲಿ ಮಗಳು, ಮಗಳ ಮಗಳು. ಈಗ ಹುಬ್ಬಳ್ಳಿ ಧಾರವಾಡದ ಕೆಲವು ಮನೆಗಳಲ್ಲಿ ಅದನ್ನು ಮಗುವಿಲ್ಲದಾಗ ಪಡಸಾಲೆಯಲ್ಲೇ ತೂಗುಬಿಟ್ಟು ಒಳಗೆ ಪತ್ರಿಕೆಗಳನ್ನು ಹಾಕಿಡುತ್ತಾರೆ. ಕೇಳಲು ಬಂದವರಿದ್ದರೆ ಪತ್ರಿಕೆಗಳನ್ನು ತೆಗೆದು, ಒಂದು ಒಣಬಟ್ಟೆಯಿಂದ ಒರೆಸಿ ಕಳಿಸಿಕೊಡುತ್ತಾರೆ.